ಮಾದರಿ ಪೆಟ್ಟಿಗೆ

8 ಜನವರಿ 1972

ಪ್ರೀತಿಯ ಅಣ್ಣನಿಗೆ,

ನಾನು ಚೆನ್ನಾಗಿದ್ದೇನೆ, ನೀನೂ ಚೆನ್ನಾಗಿದ್ದೀಯೆಂದು ನಂಬಿದ್ದೇನೆ ಅಂತ ಬರೆದು ಮೊದಲ ಎರಡು ಸಾಲು ಹಾಳುಮಾಡುವುದಿಲ್ಲ. ನೀನು ಚೆನ್ನಾಗಿಲ್ಲ. ಮೊನ್ನೆ ಟ್ರಂಕ್ ಕಾಲ್‌ನಲ್ಲಿ ನಿನ್ನ ಧ್ವನಿ ಕೇಳಿ, ತಪ್ಪು ನಂಬರಿಗೆ ಹೋಯಿತೇನೋ ಅಂದುಕೊಂಡೆ. ಎಣ್ಣೆ ಕಾಣದ ಬಾಗಿಲಿನ ಹಾಗೆ ಕಿರುಗುಟ್ಟುತ್ತಿದ್ದೆ. ಮಾತಾಡಿದ್ದು ಮೂರು ನಿಮಿಷ, ಅದರಲ್ಲಿ ಎರಡು ನಿಮಿಷ ಕೆಮ್ಮಿದ್ದೇ ಆಯಿತು. ಬಿಸಿನೀರು ಕುಡಿ, ಡಾಕ್ಟರಿಗೆ ತೋರಿಸು. ತಂಗಿ ಹೇಳಿದ್ದಲ್ಲವೇ ಅಂತ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡಬೇಡ.

ಇನ್ನು ಅಂಗಡಿಯ ಸಮಾಚಾರ. ನೀನು ಕಳಿಸಿದ್ದ ನೀಲಿ ಪೆಟ್ಟಿಗೆಗಳೆಲ್ಲ ಖಾಲಿಯಾದವು. ಜೊತೆಗೆ ನನ್ನ ಕರವಸ್ತ್ರಗಳೂ ಖಾಲಿಯಾದವು ಅನ್ನಬೇಕು, ಆದರೆ ನಿಜ ಹೇಳುವುದಾದರೆ ಜನ ಕೊಂಡದ್ದು ಪೆಟ್ಟಿಗೆಯನ್ನೇ. ಒಬ್ಬ ಹೆಂಗಸು ಮುಚ್ಚಳ ತೆಗೆದು, ಕರವಸ್ತ್ರವನ್ನು ಮೇಜಿನ ಮೇಲಿಟ್ಟು, "ಇದು ನಿಮ್ಮ ಹತ್ರಾನೇ ಇರ್ಲಿ, ಬರೀ ಡಬ್ಬಿ ಕೊಡ್ತೀರಾ?" ಅಂದಳು. ಆ ಅಂಚನ್ನು ನಾನು ಮೂರು ದಿನ ಕೂತು ಕೈಯಲ್ಲಿ ಹೊಲಿದಿದ್ದೆ. ನನ್ನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಕಾಜಾ ಅಕ್ಕ ಮೂಲೆಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ನಿನಗೆ ಗೊತ್ತಲ್ಲ, ನನ್ನ ಜೊತೆ ಕೂತು ಗುಂಡಿ ಹೊಲಿದು ಕಾಜಾ ಹಾಕುವವರು; ಹನ್ನೊಂದು ವರ್ಷದಲ್ಲಿ ಅವರು ನಕ್ಕದ್ದು ನಾಲ್ಕು ಸಲ, ಅದರಲ್ಲಿ ಮೂರು ಸಲ ನನ್ನನ್ನು ನೋಡಿ.

ಈಗ ಒಂದು ಹೊಸ ವಸ್ತು ಮಾಡುತ್ತಿದ್ದೇನೆ. ಹೊಲಿಗೆ ಸುರುಳಿ ಅಂತ ಹೆಸರಿಟ್ಟಿದ್ದೇನೆ. ಅಸ್ತರು ಕೊಟ್ಟು ಹೊಲಿದ ಉದ್ದನೆಯ ಬಟ್ಟೆ, ಒಳಗೆ ಸೂಜಿಗೆ, ದಾರಕ್ಕೆ, ಕತ್ತರಿಗೆ, ಗುಂಡಿಗೆ ಒಂದೊಂದು ಪುಟ್ಟ ಜೇಬು. ಸುತ್ತಿ ಕಟ್ಟಿದರೆ ಅಂಗೈಯಲ್ಲಿ ಕೂರುತ್ತದೆ. ಬಟ್ಟೆಯೆಲ್ಲ ಅಮ್ಮನ ಟ್ರಂಕಿನ ತುಂಡುಗಳು. ಅಮ್ಮ ಹೋಗಿ ಮಾರ್ಚಿಗೆ ಮೂರು ವರ್ಷ. ಅವಳು ಕೂಡಿಟ್ಟ ತುಂಡುಗಳು ಮುಗಿಯುವುದರೊಳಗೆ ನಾನೇ ಮುಗಿಯುತ್ತೇನೋ ಏನೋ.

ಅವಳ ಮಾತು ಬಂತು, ಬರೆದುಬಿಡುತ್ತೇನೆ. ತಂತಿ ಮೂರು ದಿನ ತಡವಾಗಿ ಸಿಕ್ಕಿತು ಅಂತ ನೀನು ಅವತ್ತು ಬಾಗಿಲಲ್ಲಿ ನಿಂತು ಹೇಳಿದೆಯಲ್ಲ, ಆ ತಂತಿ ಕಚೇರಿಯವರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಅಮ್ಮ ಏನೂ ಕೇಳಲಿಲ್ಲ, ನಿದ್ದೆಯಲ್ಲೇ ಹೋದಳು, ಅದನ್ನು ಆಗಲೇ ಹೇಳಿದ್ದೇನೆ. ಆದರೂ ನೀನು ಇರಬೇಕಿತ್ತು.

ಸುರುಳಿಗೆ ಒಂದು ಒಳ್ಳೆಯ ಪೆಟ್ಟಿಗೆ ಬೇಕು. ಎಂದಿನ ಹಾಗೆ ಮಾದರಿಯನ್ನು ಪೂರ್ತಿ ಸಿಂಗಾರ ಮಾಡಿಯೇ ಕಳಿಸು: ಕಾಗದ ಸುತ್ತಿ, ದಾರ ಕಟ್ಟಿ, ಚೀಟಿ ಅಂಟಿಸಿ. ಗಿರಾಕಿ ಅದನ್ನು ಮೊದಲು ಹೇಗೆ ನೋಡುತ್ತಾರೋ ಹಾಗೆಯೇ ನಾನೂ ನೋಡಬೇಕು. ಬಿಚ್ಚಿ ಅಳತೆ ನೋಡುವುದು ಆಮೇಲಿನ ಮಾತು.

ನಿನ್ನ ತಂಗಿ

19 ಜನವರಿ 1972

ಗುಂಡಿಗೆ,

ಪತ್ರ ಬಂತು. ಗಂಟಲಿಗೆ ಏನೂ ಆಗಿಲ್ಲ. ಹೊಸದಾಗಿ ಬಂದ ರಟ್ಟಿನಲ್ಲಿ ಧೂಳು ಜಾಸ್ತಿ, ಕೊಯ್ಯುವಾಗ ಬಾಯಿಗೆ ಹೋಗುತ್ತದೆ. ಪಾಲುದಾರನೂ ಕೆಮ್ಮುತ್ತಾನೆ.

ಬರೀ ಡಬ್ಬಿ ಕೇಳಿದ ಆ ಹೆಂಗಸಿಗೆ ಒಂದು ಕೊಟ್ಟುಬಿಡಬೇಕಿತ್ತು. ಪೆಟ್ಟಿಗೆ ಬೇಕು ಅಂದವರನ್ನು ನಾನು ಬರಿಗೈಯಲ್ಲಿ ಕಳಿಸಿದವನಲ್ಲ. ಆದರೆ ನೀನು ಮುಖ ಸಣ್ಣದು ಮಾಡಿಕೊಳ್ಳಬೇಡ. ಪೆಟ್ಟಿಗೆ ಒಳಗಿನದಕ್ಕೆ ಕಾವಲು, ಅಷ್ಟೇ.

ಸುರುಳಿಯ ಅಳತೆ ಬರೆದು ಕಳಿಸಬೇಡ. ಸುರುಳಿಯನ್ನೇ ಕಳಿಸು. ನಿನ್ನ ಅಳತೆಪಟ್ಟಿ ಅಮ್ಮನ ಕಾಲದ್ದು, ಎಳೆದೂ ಎಳೆದೂ ಕಾಲಿಂಚು ಬೆಳೆದಿದೆ. ಕಳೆದ ವರ್ಷ ಅದನ್ನು ನಂಬಿ ಐವತ್ತು ಪೆಟ್ಟಿಗೆ ಮತ್ತೆ ಮಾಡಿದ್ದು ಮರೆತಿಲ್ಲ.

ಅಮ್ಮನ ವಿಷಯ ಬರೆದಿದ್ದೀಯ. ಓದಿದೆ.

ಇನ್ನು ಮೇಲೆ ಟ್ರಂಕ್ ಕಾಲ್ ಬೇಡ. ಮೂರು ನಿಮಿಷಕ್ಕೆ ಅಷ್ಟು ದೂರ ನಡೆದು ಹೋಗಿ ಕಾಯುತ್ತೀಯ. ಬರೆ, ಸಾಕು.

ಅಣ್ಣ

2 ಫೆಬ್ರವರಿ 1972

ಪ್ರೀತಿಯ ಅಣ್ಣನಿಗೆ,

ನಿನ್ನ ಪತ್ರವನ್ನು ಕಾಜಾ ಅಕ್ಕನಿಗೆ ಓದಿ ಹೇಳಿದೆ. "ಅಷ್ಟೇನಾ? ಲಕೋಟೆ ಮೇಲಿನ ವಿಳಾಸ ಇದಕ್ಕಿಂತ ಉದ್ದ ಇದೆ" ಅಂದರು. ನೀನು ಮಾತಿನಲ್ಲಿ ಎಂಥ ಜಿಪುಣ ಅಂತ ನನಗೆ ಗೊತ್ತು, ಆದರೆ ಡಾಕ್ಟರಿಗೆ ತೋರಿಸಿದೆಯೋ ಇಲ್ಲವೋ ಅನ್ನುವುದಕ್ಕೆ ಒಂದು ಸಾಲು ಖರ್ಚು ಮಾಡಬಹುದಿತ್ತು.

ಸುರುಳಿಯನ್ನು ಇದರ ಜೊತೆ ಕಳಿಸುತ್ತಿದ್ದೇನೆ. ಹೊರಗಿನ ಬೂದು ಬಟ್ಟೆ ಅಪ್ಪನ ಕೋಟಿನದು. ಒಳಗಿನ ಕೆಂಪು ಚುಕ್ಕಿಯದು ಗುರುತು ಸಿಗುತ್ತದೆಯೇ ನೋಡು. ನೀನು ಶಾಲೆಗೆ ಹೋಗುತ್ತಿದ್ದಾಗ ನಮ್ಮ ಕಿಟಕಿಗೆ ಪರದೆಯಾಗಿತ್ತು. ಸೂಜಿ ಚುಚ್ಚುವ ಜಾಗಕ್ಕೆ ಉಣ್ಣೆ ಬಟ್ಟೆ ಹಾಕಿದ್ದೇನೆ, ಸೂಜಿ ತುಕ್ಕು ಹಿಡಿಯದಿರಲಿ ಅಂತ. ಗುಂಡಿಯ ಜೇಬಿನ ಬಾಯಿ ಮಾತ್ರ ಎರಡು ಸಲ ಬಿಚ್ಚಿ ಹೊಲಿದೆ. ಬಿಚ್ಚಿದ ಗುರುತು ನಿನ್ನ ಕಣ್ಣಿಗೆ ಬಿದ್ದರೆ ಸುಮ್ಮನಿರು.

ಪಕ್ಕದ ಕೊಡೆ ರಿಪೇರಿಯವರು ಬಂದು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಎಲ್ಲಾ ಸರಿ, ಆದರೆ ಇಷ್ಟು ಚೆಂದ ಇದ್ರೆ ಯಾರು ಹೊಲೀತಾರೆ? ಇಟ್ಕೊಂಡು ನೋಡ್ತಾರೆ ಅಷ್ಟೇ" ಅಂದರು. ಅವರಿಗೆ ಕೊಡೆ ಹರಿದರೆ ಮಾತ್ರ ಸಂತೋಷ, ಬಿಡು. ಆದರೂ ಆ ಮಾತು ನನಗೆ ಹಿಡಿಸಿತು. ನಾವಿಬ್ಬರೂ ಚಿಕ್ಕಂದಿನಲ್ಲಿ ಸೋಪಿನ ಮೇಲಿನ ಕಾಗದವನ್ನು ಹರಿಯದೆ ಬಿಡಿಸಿ ಪುಸ್ತಕದೊಳಗೆ ಇಡುತ್ತಿದ್ದೆವಲ್ಲ. ಹರಿದವರು ಒಂದು ದಿನ ಮಾತಾಡಬಾರದು ಅಂತ ಪಂದ್ಯ. ಯಾವಾಗಲೂ ನಾನೇ ಸೋಲುತ್ತಿದ್ದೆ. ಈಗ ಕೈ ಪಳಗಿದೆ.

ಬಂದು ಹೋಗು ಅಂತ ನಾನು ಕರೆಯುವುದಿಲ್ಲ. ಹಿಂದಿನ ಸಲ ಬಂದಾಗ ನೀನು ನಿಂತುಕೊಂಡೇ ಇದ್ದೆ, ಚೀಲವನ್ನೂ ಕೆಳಗಿಡಲಿಲ್ಲ. ಆ ಮನೆಯಲ್ಲಿ ಕೂರಲು ನಿನಗೆ ಆಗುವುದಿಲ್ಲ ಅಂತ ಗೊತ್ತಾಯಿತು. ಕಾಗದದಲ್ಲಾದರೂ ಸ್ವಲ್ಪ ಹೊತ್ತು ಕೂರು.

ನಿನ್ನ ತಂಗಿ

20 ಫೆಬ್ರವರಿ 1972

ಗುಂಡಿ,

ಈ ಕಾಗದವನ್ನು ಮಾದರಿ ಪೆಟ್ಟಿಗೆಯೊಳಗೆ, ನಿನ್ನ ಸುರುಳಿಯ ಮೇಲೆ ಇಡುತ್ತಿದ್ದೇನೆ. ಹೊರಗೆ ಒಂದು ಚೀಟಿಯಲ್ಲಿ "ಬಿಚ್ಚಿ ನೋಡಿ ಉತ್ತರ ಬರೆ" ಎಂದಷ್ಟೇ ಬರೆದಿದ್ದೇನೆ. ಅಂಚೆಗೆ ಹಾಕಿದರೆ ನೀನು ಗಿರಾಕಿಗಳ ಎದುರಿಗೇ ಗಟ್ಟಿಯಾಗಿ ಓದುತ್ತೀಯ. ಪೆಟ್ಟಿಗೆಯಾದರೆ ಅಂಗಡಿ ಮುಚ್ಚಿ, ಕೈ ತೊಳೆದು, ಒಳಕೋಣೆಯಲ್ಲಿ ಕೂತು ಬಿಚ್ಚುತ್ತೀಯ. ಅದಕ್ಕೇ ಹೀಗೆ.

ಗಂಟಲಿಗೆ ಏನೂ ಆಗಿಲ್ಲ ಅಂದದ್ದು ಸುಳ್ಳು. ಡಿಸೆಂಬರಿನಲ್ಲೇ ಡಾಕ್ಟರಿಗೆ ತೋರಿಸಿದೆ. ಗಡ್ಡೆ, ಒಳ್ಳೆಯ ಜಾತಿಯದ್ದಲ್ಲ. ಮಾರ್ಚ್ ಹದಿನಾಲ್ಕಕ್ಕೆ ಆಪರೇಷನ್. ಜೀವಕ್ಕೆ ಭಯವಿಲ್ಲ ಅನ್ನುತ್ತಾರೆ, ಆದರೆ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕಂತೆ. ಮೂವತ್ತು ವರ್ಷ ಪೆಟ್ಟಿಗೆ ಮಾಡಿದವನಿಗೆ ತನ್ನೊಳಗೂ ಒಂದಿದೆ ಅಂತ ಈಗ ಗೊತ್ತಾಯಿತು. ಆಮೇಲೆ ಉಸಿರಾಟ ಕತ್ತಿನಲ್ಲಿ ಮಾಡುವ ತೂತಿನಿಂದ. ಮಾತು ಇರುವುದಿಲ್ಲ. ಪಿಸುಮಾತು ಕೂಡ ಇರುವುದಿಲ್ಲ ಅಂತ ಡಾಕ್ಟರು ಎರಡು ಸಲ ಹೇಳಿದರು.

ಅದಕ್ಕೆ ಮುಂಚೆ ಬಂದು ಎರಡು ದಿನ ಇರು. ಆರೈಕೆಗೆ ಕರೆಯುತ್ತಿಲ್ಲ, ಅದಕ್ಕೆ ಪಾಲುದಾರ ಇದ್ದಾನೆ. ಅಮ್ಮನ ವಿಷಯದಲ್ಲಿ ನಿನಗೊಂದು ಮಾತು ಹೇಳಬೇಕು. ಬರೆಯಲು ನಾಲ್ಕು ಸಲ ಕೂತೆ, ಆಗಲಿಲ್ಲ. ಬಾಯಿಂದ ಹೇಳಿದರೆ ನೀನು ಅಲ್ಲೇ ಬೈಯಬಹುದು, ನಾನು ತಲೆ ತಗ್ಗಿಸಿ ನಿಲ್ಲಬಹುದು. ಅದು ಹಾಗೆಯೇ ಆಗಬೇಕಾದ ಮಾತು.

ಇನ್ನೊಂದು ಆಸೆ. ಧ್ವನಿ ಇರುವಾಗ ನಿನ್ನನ್ನು ಒಂದು ಸಲ ಕರೆಯಬೇಕು. ನಾಲ್ಕು ವರ್ಷದವಳಿದ್ದಾಗ ಅಪ್ಪನ ಕೋಟಿನ ಗುಂಡಿ ನುಂಗಿ ಮನೆಯವರನ್ನೆಲ್ಲ ಓಡಾಡಿಸಿದೆ. ಅವತ್ತಿನಿಂದ ಆ ಹೆಸರು. ಅಪ್ಪ ಹೋದ, ಅಮ್ಮ ಹೋದಳು. ನಿನ್ನನ್ನು ಗುಂಡಿ ಅಂತ ಕರೆಯುವ ಬಾಯಿ ಈಗ ಇದೊಂದೇ.

ಬರಲೇಬೇಕು ಅಂತಿಲ್ಲ. ಅಮ್ಮನ ಕೊನೆಗಾಲಕ್ಕೆ ಒದಗದವನಿಗೆ ಬಾ ಎನ್ನುವ ಹಕ್ಕಿಲ್ಲ. ಬರುವುದಾದರೆ ತಂತಿ ಕೊಡು. ಬಾರದಿದ್ದರೆ ಕಾರಣ ಬರೆಯಬೇಡ, ಸಮಾಧಾನವನ್ನೂ ಬರೆಯಬೇಡ. ಪೆಟ್ಟಿಗೆ ಹೇಗಿದೆ ಅಂತ ಮಾತ್ರ ಬರೆ. ನನಗೆ ಅರ್ಥವಾಗುತ್ತದೆ, ಮತ್ತೆ ಆ ಮಾತು ಎತ್ತುವುದಿಲ್ಲ.

ಅಣ್ಣ

1 ಮಾರ್ಚ್ 1972

ಪ್ರೀತಿಯ ಅಣ್ಣನಿಗೆ,

ಪೆಟ್ಟಿಗೆ ಬಂತು. ನಿನ್ನ ಕೈಗೆ ಏನು ಬಂದಿದೆ ಅಣ್ಣ? ಮೂವತ್ತು ವರ್ಷದಲ್ಲಿ ಇಂಥದ್ದು ನೀನು ಮಾಡಿದ್ದನ್ನು ನಾನು ನೋಡಿಲ್ಲ.

ಗೋಧಿ ಬಣ್ಣದ ಕಾಗದ, ಅದರ ಅಂಚಿಗೆ ಸುತ್ತಲೂ ಕೆಂಪು ಮಸಿಯಲ್ಲಿ ಕಚ್ಚಾ ಹೊಲಿಗೆ ಹಾಕಿದ ಹಾಗೆ ಒಂದೊಂದೇ ಗೆರೆ. ಅಚ್ಚು ಹಾಕಿಸಿದ್ದು ಅಂದುಕೊಂಡು ಭೂತಗನ್ನಡಿ ಹಿಡಿದು ನೋಡಿದೆ, ಕೈಯಲ್ಲೇ ಬರೆದದ್ದು. ಮೂಲೆಯಲ್ಲಿ ಗೆರೆ ತಿರುಗುವಾಗ ಹೊಲಿಗೆಯವರು ಮಾಡುವ ಹಾಗೆಯೇ ಒಂದು ಗಿಡ್ಡ ಗೆರೆ ಹಾಕಿ ತಿರುಗಿಸಿದ್ದೀಯ. ಅದನ್ನು ಯಾರು ಗಮನಿಸುತ್ತಾರೆ? ನಾನು ಗಮನಿಸುತ್ತೇನೆ ಅಂತ ಮಾಡಿದ್ದೀಯ. ಮಡಿಕೆಗಳು ಎಷ್ಟು ಚೊಕ್ಕ ಅಂದರೆ ಕಾಗದ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತು ಅಂತ ಹುಡುಕಿ ಸೋತೆ. ಆ ಹುರಿದಾರದ ಗಂಟು, ಗಂಟಿನ ಮೇಲೆ ನಾಲ್ಕು ಕಣ್ಣಿನ ಹಳೇ ಕೋಟಿನ ಗುಂಡಿ. ಅದನ್ನು ನೋಡಿ ಅಂಗಡಿಯಲ್ಲಿ ಒಬ್ಬಳೇ ನಕ್ಕೆ. ಈ ಸಲ ನುಂಗುವುದಿಲ್ಲ, ಹೆದರಬೇಡ.

ನೀನು ಹೇಳಿದ ಹಾಗೆ ಬಿಚ್ಚಿ ನೋಡಿದೆ. ಸುರುಳಿ ಹೇಳಿ ಮಾಡಿಸಿದಂತೆ ಕೂತಿದೆ, ಒಂದು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಮುಚ್ಚಳವೂ ಎಂದಿನಂತೆ ತನ್ನಷ್ಟಕ್ಕೆ ತಾನು ಉಸಿರು ಬಿಡುತ್ತಾ ಮೆಲ್ಲಗೆ ಇಳಿಯಿತು. ಮತ್ತೆ ಹಾಗೆಯೇ ಕಟ್ಟಿ ಗಾಜಿನ ಕಪಾಟಿನ ನಟ್ಟನಡುವೆ ಇಟ್ಟಿದ್ದೇನೆ. ಬೀದಿಯಲ್ಲಿ ಹೋಗುವವರು ನಿಂತು ನೋಡುತ್ತಾರೆ. ಕೊಡೆ ರಿಪೇರಿಯವರು ಕೂಡ ಒಂದು ನಿಮಿಷ ಬಾಯಿ ಮುಚ್ಚಿಕೊಂಡಿದ್ದರು.

ಮಾದರಿ ಒಪ್ಪಿಗೆ. ನೂರು ಮಾಡು. ಇವತ್ತು ಬೇರೆ ಏನೂ ಬರೆಯುವುದಿಲ್ಲ, ಬರೀ ಪೆಟ್ಟಿಗೆಯ ವಿಷಯ. ಅದರ ಪಕ್ಕದಲ್ಲಿ ಬೇರೆ ಮಾತು ಚೆನ್ನಾಗಿರುವುದಿಲ್ಲ.

ನಿನ್ನ ತಂಗಿ

8 ಮಾರ್ಚ್ 1972

ಗುಂಡಿಗೆ,

ಪತ್ರ ತಲುಪಿತು. ಅರ್ಥವಾಯಿತು. ನಿನ್ನ ಮೇಲೆ ಬೇಸರವಿಲ್ಲ. ನಿನ್ನ ಜಾಗದಲ್ಲಿ ನಾನಿದ್ದರೂ ಹೀಗೆಯೇ ಬರೆಯುತ್ತಿದ್ದೆನೋ ಏನೋ.

ಪೆಟ್ಟಿಗೆ ಮೆಚ್ಚಿದ್ದು ಸಂತೋಷ. ಮೂಲೆಯ ಗಿಡ್ಡ ಗೆರೆ ನಿನ್ನ ಕಣ್ಣಿಗೆ ಬೀಳುತ್ತದೆ ಅಂತ ಗೊತ್ತಿತ್ತು. ನೂರರಲ್ಲಿ ನಲವತ್ತು ಮುಗಿಸಿದ್ದೇನೆ. ಉಳಿದದ್ದನ್ನು ಪಾಲುದಾರ ಮುಗಿಸಿ ಕಳಿಸುತ್ತಾನೆ. ಅವನ ಗಂಟು ಸ್ವಲ್ಪ ಸಡಿಲ, ಸಹಿಸಿಕೋ.

ಕೆಲವು ದಿನ ನನ್ನಿಂದ ಕಾಗದ ಬರುವುದಿಲ್ಲ.

ಅಣ್ಣ

25 ಮಾರ್ಚ್ 1972

ಅಣ್ಣನಿಗೆ,

ಏನು ಅರ್ಥವಾಯಿತು? ಹದಿನೈದು ದಿನದಿಂದ ನಿನ್ನ ಆ ಕಾಗದವನ್ನು ಹಿಂದೆ ಮುಂದೆ ಮಾಡಿ ಓದುತ್ತಿದ್ದೇನೆ, ನನಗಂತೂ ಅರ್ಥವಾಗಲಿಲ್ಲ. ಬೇಸರವಿಲ್ಲ ಅಂತ ಯಾರಾದರೂ ಬರೆದರೆ ಬೇಸರವಿದೆ ಅಂತಲೇ ಲೆಕ್ಕ. ನೂರು ಮಾಡು ಅಂದದ್ದು ಹುಕುಂ ಮಾಡಿದ ಹಾಗೆ ಕೇಳಿಸಿತೇ? ಅಥವಾ ಜನವರಿಯಲ್ಲಿ ಅಮ್ಮನ ಮಾತು ಎತ್ತಿದ್ದಕ್ಕೋ? ತಪ್ಪು ತಂತಿಯವರದು ಅಂತ ತಾನೇ ನಾನು ಬರೆದದ್ದು?

ಪೆಟ್ಟಿಗೆಗಳು ಬಂದವು. ನಲವತ್ತು ನಿನ್ನವು, ಅರವತ್ತು ಅವನವು. ಕಾಜಾ ಅಕ್ಕ ಕಣ್ಣು ಮುಚ್ಚಿಕೊಂಡೇ ಬೇರೆ ಮಾಡಿದರು. ಕೆಲಸವನ್ನು ಅರ್ಧಕ್ಕೆ ಬಿಡುವವನಲ್ಲ ನೀನು.

ಬೇಡ ಅಂದಿದ್ದರೂ ನಿನ್ನೆ ಟ್ರಂಕ್ ಕಾಲ್ ಮಾಡಿದೆ. ಪಾಲುದಾರ ಎತ್ತಿದ. ಅಣ್ಣನನ್ನು ಕರೆಯಿರಿ ಅಂದೆ. ಅವನು, "ಎಲ್ಲಿಂದ ಕರೀಲಮ್ಮ? ನಿಮಗೆ ಗೊತ್ತೇ ಇದೆಯಲ್ಲ" ಅಂದ. ಅವನ ದನಿಯಲ್ಲಿ ನನ್ನ ಮೇಲೆ ಸಿಟ್ಟು ಇತ್ತು. ನೀನು ನನ್ನ ಹತ್ತಿರ ಮಾತು ಬಿಟ್ಟಿದ್ದೀಯ ಅಂತ ಊರಿಗೆಲ್ಲ ಗೊತ್ತು, ನನಗೊಬ್ಬಳಿಗೇ ಗೊತ್ತಿಲ್ಲ. ಅವಮಾನವಾಯಿತು, ಫೋನು ಇಟ್ಟುಬಿಟ್ಟೆ.

ಸರಿ. ಸೋಪಿನ ಕಾಗದ ಹರಿದವರು ಒಂದು ದಿನ ಮಾತಾಡಬಾರದು ಅಂತ ಇತ್ತು. ನಾನು ಏನು ಹರಿದೆ ಅಂತಲಾದರೂ ಹೇಳು. ನೀನು ಬರೆಯುವವರೆಗೆ ನಾನೂ ಬರೆಯುವುದಿಲ್ಲ.

ನಿನ್ನ ತಂಗಿ

9 ಏಪ್ರಿಲ್ 1972

ಅಣ್ಣ,

ಇದನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಬೆಳಗಿನ ರೈಲಿಗೆ ಹೊರಡುತ್ತಿದ್ದೇನೆ, ನಿನ್ನ ಬಾಗಿಲಿಗೆ ಬಂದು ಕೈಗೇ ಕೊಡುತ್ತೇನೆ. ಎದುರಿಗೆ ನಿಂತರೆ ನನ್ನ ಬಾಯಿಂದ ಬರುವುದಿಲ್ಲ, ಅದಕ್ಕೆ ಬರೆದಿಟ್ಟುಕೊಳ್ಳುತ್ತಿದ್ದೇನೆ.

ನಾನು ಆ ಪೆಟ್ಟಿಗೆ ಬಿಚ್ಚಲಿಲ್ಲ. ಬಿಚ್ಚಿ ನೋಡಿದೆ ಅಂದದ್ದು ಸುಳ್ಳು. ಸುರುಳಿ ಹೇಳಿ ಮಾಡಿಸಿದಂತೆ ಕೂತಿದೆ ಅಂದದ್ದು ಸುಳ್ಳು, ಮುಚ್ಚಳ ಉಸಿರು ಬಿಡುತ್ತಾ ಇಳಿಯಿತು ಅಂದದ್ದೂ ಸುಳ್ಳು. ನಿನ್ನ ಪ್ರತಿ ಮಾದರಿಯನ್ನೂ ಬಿಚ್ಚಿ ಅಳತೆ ನೋಡುತ್ತಿದ್ದವಳು ಇದೊಂದನ್ನು ಬಿಚ್ಚಲಿಲ್ಲ. ಒಂದು ಸಲ ಬಿಚ್ಚಿದರೆ ಆ ಗಂಟು ಮತ್ತೆ ಹಾಕಲು ನನಗೆ ಬರುತ್ತಿರಲಿಲ್ಲ. ಕತ್ತರಿ ಕೈಯಲ್ಲಿ ಹಿಡಿದು ಕೂತಿದ್ದೆ, ಮನಸ್ಸು ಬರಲಿಲ್ಲ. ನೀನು ನೋಡು ಅಂದಿದ್ದೆ. ನೋಡಿಲ್ಲ ಅಂದರೆ ನೊಂದುಕೊಳ್ಳುತ್ತೀಯ ಅಂತ ನೋಡಿದೆ ಅಂತ ಬರೆದೆ. ಹೇಗೂ ನಿನ್ನ ಅಳತೆ ತಪ್ಪುವುದಿಲ್ಲವಲ್ಲ.

ಇವತ್ತು ಮಧ್ಯಾಹ್ನ ಕಾಜಾ ಅಕ್ಕ, "ಬಿಸಿಲಿಗೆ ಒಂದು ಮಗ್ಗುಲು ಬಣ್ಣ ಹೋಗ್ತಿದೆ, ತಿರುಗಿಸಿಡು" ಅಂದರು. ಎತ್ತಿ ತಿರುಗಿಸಿದೆ. ಒಳಗೆ ಏನೋ ಸರಿಯಿತು. ಬಟ್ಟೆ ಸರಿದರೆ ಹಾಗೆ ಸದ್ದು ಬರುವುದಿಲ್ಲ, ಅದು ಕಾಗದದ ಸದ್ದು. ಕಾಜಾ ಅಕ್ಕನೂ ತಲೆ ಎತ್ತಿದರು.

ಗಂಟನ್ನು ಕತ್ತರಿಸಿದೆ. ಮುಚ್ಚಳ ತೆಗೆದೆ. ನಿನ್ನ ಕಾಗದವನ್ನು ನಿಂತುಕೊಂಡೇ ಓದಿದೆ, ಆಮೇಲೆ ಕೂತು ಓದಿದೆ. ಮಾರ್ಚ್ ಹದಿನಾಲ್ಕು ಅನ್ನುವುದನ್ನು ಬೆರಳಿಟ್ಟು ಓದಿದೆ. ಇವತ್ತಿಗೆ ಇಪ್ಪತ್ತಾರು ದಿನ. ನೂರು ಮಾಡು ಅಂತ ನಾನು ಬರೆದೆ. ಬರೀ ಪೆಟ್ಟಿಗೆಯ ವಿಷಯ ಅಂತ ಬರೆದೆ. ನನ್ನ ಕೈ ಮುರಿದು ಹೋಗಬಾರದಿತ್ತೇ ಅನ್ನಿಸುತ್ತದೆ. ಅಣ್ಣ, ನಾನು ಬರುತ್ತಿದ್ದೆ. ಅಂಗಡಿಗೆ ಬೀಗ ಕೂಡ ಹಾಕದೆ ಬರುತ್ತಿದ್ದೆ.

ಕಾಜಾ ಅಕ್ಕ ನನ್ನ ಬಟ್ಟೆ ಮಡಚಿ ಚೀಲಕ್ಕೆ ಹಾಕುತ್ತಿದ್ದಾರೆ. ಈ ಕಾಗದ ಓದಿ ಬಾಗಿಲು ಹಾಕಿಕೊಂಡರೆ ಮೆಟ್ಟಿಲ ಮೇಲೆ ಕೂರುತ್ತೇನೆ.

ನಿನ್ನ ತಂಗಿ

12 ಮೇ 1972

ಗುಂಡಿಗೆ,

ನೀನು ಊರು ತಲುಪಿದ ಕಾಗದ ಬಂತು. ಇಲ್ಲಿ ಎಲ್ಲ ನೀನು ಬಿಟ್ಟುಹೋದ ಹಾಗೆಯೇ ಇದೆ. ಗಾಯ ಒಣಗಿದೆ. ನಾಳೆಯಿಂದ ರಟ್ಟು ಕೊಯ್ಯಬಹುದು ಅಂದರು, ಧೂಳು ಕತ್ತಿನ ತೂತಿಗೆ ಹೋಗದ ಹಾಗೆ ಬಟ್ಟೆ ಕಟ್ಟಿಕೊಂಡು. ಆಸ್ಪತ್ರೆಯವರು ಕೊಟ್ಟ ಪಟ್ಟಿಯ ಲಾಡಿ ಹಿಂದೆ ಕಟ್ಟಬೇಕು. ಒಬ್ಬನಿಗೆ ಎರಡು ಕೈ ಸಾಲುವುದಿಲ್ಲ. ಪಾಲುದಾರ ಬರುವವರೆಗೆ ದಿನಾ ಬೆಳಿಗ್ಗೆ ಕಾಯುತ್ತೇನೆ.

ಮೂರು ವಾರ ನೀನು ಇಲ್ಲಿದ್ದೆ, ನನಗೆ ಹೇಳಲಾಗಲಿಲ್ಲ. ಸ್ಲೇಟಿನ ಮೇಲೆ "ಅಮ್ಮ" ಅಂತ ಬರೆದು ಒರೆಸಿದ್ದನ್ನು ನೀನು ನೋಡಿದೆ, ಕೇಳಲಿಲ್ಲ. ಈಗ ಬರೆಯುತ್ತೇನೆ. ಇನ್ನು ಬೇರೆ ದಾರಿಯಿಲ್ಲ.

ತಂತಿ ತಡವಾಗಲಿಲ್ಲ. ನೀನು ಕಳಿಸಿದ ದಿನವೇ ಸಂಜೆ ನನ್ನ ಕೈಗೆ ಬಂತು. ಮಾರನೇ ದಿನದ ರೈಲು ಹತ್ತಿದ್ದರೆ ಅಮ್ಮ ಸಿಗುತ್ತಿದ್ದಳು.

ಅದಕ್ಕೂ ಒಂದು ವರ್ಷ ಹಿಂದೆ ಅಮ್ಮ ನನ್ನಲ್ಲಿ ಒಂದೇ ಒಂದು ಕೇಳಿದ್ದಳು. "ಊರಿಗೆಲ್ಲ ಡಬ್ಬಿ ಮಾಡಿ ಕೊಡ್ತೀಯ, ನನ್ನ ಸೂಜಿ ದಾರ ಮಾತ್ರ ಬಿಸ್ಕತ್ತಿನ ಡಬ್ಬದಲ್ಲೇ ಇದೆ" ಅಂದಳು. ಮಾಡುತ್ತೇನೆ ಅಂದೆ, ಮುಂದೂಡಿದೆ. ಗಿರಾಕಿಗಳ ಕೆಲಸವೇ ಮೊದಲು ಆಗುತ್ತಿತ್ತು. ತಂತಿ ಬಂದ ದಿನ ಅಮ್ಮನ ಪೆಟ್ಟಿಗೆ ಮೇಜಿನ ಮೇಲಿತ್ತು, ಮುಚ್ಚಳದ ಒಳಗಿನ ಬಟ್ಟೆ ಅಂಟಿಸುವುದೊಂದೇ ಬಾಕಿ. ಬರಿಗೈಯಲ್ಲಿ ಹೇಗೆ ಹೋಗಲಿ, ಒಂದು ದಿನದಲ್ಲಿ ಮುಗಿಸಿ ಹೊರಡೋಣ ಅಂದುಕೊಂಡೆ. ಅಂಟಿಸಿದ್ದು ಗುಳ್ಳೆ ಎದ್ದಿತು. ಕಿತ್ತು ಮತ್ತೆ ಅಂಟಿಸಿದೆ. ಒಣಗದೆ ಮುಚ್ಚಳ ಕೂರಲಿಲ್ಲ, ಕಾದೆ. ತಂತಿ ಜೇಬಿನಲ್ಲೇ ಇತ್ತು. ಮೂರು ದಿನ ಹಾಗೆಯೇ ಹೋಯಿತು. ಗುಳ್ಳೆ ಎದ್ದ ಪೆಟ್ಟಿಗೆ ಕೊಟ್ಟಿದ್ದರೆ ಅಮ್ಮ ಬೇಡ ಅನ್ನುತ್ತಿದ್ದಳೇ? ಅದು ಆಗ ಹೊಳೆಯಲಿಲ್ಲ.

ನಿನ್ನ ಮನೆಯಲ್ಲಿ ನಾನು ಚೀಲ ಕೆಳಗಿಡಲಿಲ್ಲ ಅಂತ ನೀನು ಬರೆದಿದ್ದೆ. ಚೀಲದಲ್ಲಿ ಅದು ಇತ್ತು.

ಬಾಯಿಂದ ಹೇಳಿದ್ದರೆ ನಿನ್ನ ಬೈಗುಳ ಕೇಳಿ ಸ್ವಲ್ಪ ಹಗುರವಾಗುತ್ತಿತ್ತು. ನೀನು ಪೆಟ್ಟಿಗೆ ಬಿಚ್ಚದಿದ್ದುದಕ್ಕೆ ನಿನ್ನ ಮೇಲೆ ಸಿಟ್ಟು ಮಾಡುವ ಯೋಗ್ಯತೆ ಭೂಮಿಯ ಮೇಲೆ ಯಾರಿಗಾದರೂ ಇದ್ದೀತು, ನನಗಿಲ್ಲ. ಅಮ್ಮನ ಪೆಟ್ಟಿಗೆಯನ್ನು ಬೇರೆಯಾಗಿ ಕಳಿಸಿದ್ದೇನೆ. ಕಾಗದ ಸುತ್ತಿಲ್ಲ, ದಾರ ಕಟ್ಟಿಲ್ಲ.

ಅಣ್ಣ

24 ಮೇ 1972

ಪ್ರೀತಿಯ ಅಣ್ಣನಿಗೆ,

ನಿನ್ನ ಕಾಗದ ಓದಿ ಎರಡು ದಿನ ನಿನ್ನ ಮೇಲೆ ಉರಿದುಬಿದ್ದೆ. ಒಳಕೋಣೆಯಲ್ಲಿ ನಿನ್ನನ್ನು ಗಟ್ಟಿಯಾಗಿ ಬೈದೆ, ಕೊಡೆ ರಿಪೇರಿಯವರು ಏನಾಯಿತೋ ಅಂತ ಇಣುಕಿ ನೋಡಿದರು. ಬೈಗುಳ ಬೇಕಿತ್ತು ಅಂದೆಯಲ್ಲ, ಏನೂ ಉಳಿಸಿಕೊಂಡಿಲ್ಲ. ಮೂರನೇ ದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದಾಗ ಗಾಜಿನ ಕಪಾಟು ಕಣ್ಣಿಗೆ ಬಿತ್ತು. ನಡುವಿನ ಜಾಗ ಇನ್ನೂ ಖಾಲಿಯಿದೆ. ಅಲ್ಲಿಗೆ ನನ್ನ ಬಾಯಿ ನಿಂತಿತು. ಒಂದೇ ಮನೆಯಲ್ಲಿ ಸೋಪಿನ ಕಾಗದ ಬಿಡಿಸುತ್ತಾ ಬೆಳೆದವರು ನಾವು.

ಅಮ್ಮನ ಪೆಟ್ಟಿಗೆ ನಿನ್ನೆ ಬಂತು. ಅಂಚೆಯವನು ಇನ್ನೂ ಮೆಟ್ಟಿಲಿಳಿದಿರಲಿಲ್ಲ, ನಿಂತಲ್ಲೇ ತೆಗೆದೆ. ಬಿಸ್ಕತ್ತಿನ ಡಬ್ಬದಲ್ಲಿದ್ದ ಅಮ್ಮನ ಸೂಜಿಗಳನ್ನು, ಅರ್ಧ ಸುತ್ತಿದ ದಾರಗಳನ್ನು, ಅವಳ ಬೆರಳಿನ ಹಿತ್ತಾಳೆ ಟೊಪ್ಪಿಯನ್ನು ಅದರೊಳಗೆ ಹಾಕಿದೆ. ಪೆಟ್ಟಿಗೆಯೊಳಗಿನ ಒಂದು ಮನೆ ದೊಡ್ಡದಾಯಿತು, ಇನ್ನೊಂದು ಚಿಕ್ಕದಾಯಿತು. ಕತ್ತರಿ ಹಿಡಿಸಲಿಲ್ಲ. ಮುಚ್ಚಳದ ಒಳಗೆ ಎಡಮೂಲೆಯಲ್ಲಿ ಒಂದು ಗುಳ್ಳೆ ಈಗಲೂ ಇದೆ. ದಿನಾ ಬಳಸುತ್ತೇನೆ.

ಈ ಪೊಟ್ಟಣದಲ್ಲಿ ನಿನ್ನ ಕತ್ತಿಗೆ ಹನ್ನೆರಡು ಪಟ್ಟಿಗಳಿವೆ. ಮಲ್ ಬಟ್ಟೆ, ಎರಡು ಪದರ. ಗಾಳಿ ಹೋಗುತ್ತದೆ, ಧೂಳು ಹೋಗುವುದಿಲ್ಲ. ಬಾಯಿಗೆ ಅಡ್ಡ ಹಿಡಿದು ಉಸಿರಾಡಿ ನೋಡಿಯೇ ಬಟ್ಟೆ ಆರಿಸಿದ್ದು. ಲಾಡಿ ಇಲ್ಲ. ಎಡಗಡೆ ಕಿವಿಯ ಕೆಳಗೆ ಒಂದು ಗುಂಡಿ, ಒಂದೇ ಕೈಯಲ್ಲಿ ಹಾಕಿಕೊಳ್ಳಬಹುದು, ಯಾರಿಗೂ ಕಾಯಬೇಕಾಗಿಲ್ಲ. ಕಾಜಾಗಳನ್ನು ಕಾಜಾ ಅಕ್ಕ ಹಾಕಿದರು, ನನ್ನನ್ನು ಮುಟ್ಟಲು ಬಿಡಲಿಲ್ಲ. ಮೊದಲನೆಯದರ ಗುಂಡಿ ನಿನ್ನ ಮಾದರಿ ಪೆಟ್ಟಿಗೆಯ ಮೇಲಿದ್ದದ್ದು. ಪೊಟ್ಟಣಕ್ಕೆ ಹಳೇ ಪತ್ರಿಕೆ ಸುತ್ತಿದ್ದೇನೆ, ಮೇಲೆ ದೊಡ್ಡ ಅಕ್ಷರದಲ್ಲಿ "ಕೂಡಲೇ ಹರಿ" ಅಂತ ಬರೆದಿದ್ದೇನೆ.

ನೀನು ನಿಜ ಬರೆದೆ, ಈಗ ನನ್ನ ಸರದಿ. ಅಮ್ಮ ನಿದ್ದೆಯಲ್ಲಿ ಹೋಗಲಿಲ್ಲ. ಎಚ್ಚರವಾಗಿದ್ದಳು. ಮೂರು ದಿನವೂ ಬಾಗಿಲು ಸದ್ದಾದಾಗಲೆಲ್ಲ "ಬಂದನಾ?" ಅಂತ ಕೇಳಿದಳು. ಪೆಟ್ಟಿಗೆಯ ಮಾತು ಒಮ್ಮೆಯೂ ಆಡಲಿಲ್ಲ. ನಿನಗೆ ನೋವಾಗಬಾರದು ಅಂತ ಮುಚ್ಚಿಟ್ಟಿದ್ದೆ. ನನ್ನ ಇಂಥ ಒಳ್ಳೆಯ ಸುಳ್ಳುಗಳಿಂದ ಏನಾಯಿತು ಅಂತ ಇಬ್ಬರೂ ನೋಡಿದೆವು. ಇನ್ನು ನಿನಗೆ ಬರೆಯುವ ಕಾಗದದಲ್ಲಿ ಅವು ಇರುವುದಿಲ್ಲ.

ಹಾಗಾಗಿ ಇದೊಂದನ್ನೂ ಹೇಳಬೇಕು. ನಿನ್ನ ಮನೆಯಲ್ಲಿದ್ದಾಗ ಕತ್ತಿನ ಆ ಉಸಿರಿನ ಸದ್ದು ಕೇಳುತ್ತಾ ಕೂರುತ್ತಿದ್ದೆ. ನಿನ್ನ ಮುಚ್ಚಳಗಳು ಇಳಿಯುವಾಗ ಬರುವ ಸದ್ದಿನ ಹಾಗೆಯೇ ಇದೆ. ಅದು ಅಭ್ಯಾಸವಾಯಿತು. ನಾನು ಹೊರಟ ದಿನ ರೈಲು ಕದಲಿದಾಗ ನೀನು ಕಿಟಕಿಯ ಪಕ್ಕದಲ್ಲಿ ನಡೆಯುತ್ತಾ ಬಾಯಿ ಆಡಿಸಿದೆ. ಎರಡೇ ಅಕ್ಷರ. ತುಟಿ ನೋಡಿದೆ, ಏನು ಕರೆದೆ ಅಂತ ಗೊತ್ತಾಯಿತು. ಕೇಳಿಸಿತು ಅಂತ ನಾನು ಕಿವಿ ಮುಟ್ಟಿ ತೋರಿಸಿದೆ. ನೀನು ನಕ್ಕು ನಿಂತುಬಿಟ್ಟೆ.

ಕೇಳಿಸಲಿಲ್ಲ ಅಣ್ಣ. ಏನೂ ಕೇಳಿಸಲಿಲ್ಲ.

ಮುಂದಿನ ತಿಂಗಳು ಹತ್ತನೇ ತಾರೀಖು ಬರುತ್ತೇನೆ. ಹತ್ತಿರ ನಿಂತು ಇನ್ನೊಂದು ಸಲ ಕರೆ.

ಗುಂಡಿ